ಅವ್ವನ ಕೈ, ಖಾಲಾನ ನಾಲಿಗೆ

ನಮ್ಮ ಅವ್ವ ಹುಟ್ಟಿದಾಗಿನಿಂದ ಮಾಂಸದ ಒಂದು ಚೂರನ್ನೂ ಬಾಯಿಗೆ ಇಟ್ಟವಳಲ್ಲ. ಅವಳ ತವರಿನಲ್ಲಿ ಇಟ್ಟವರಿಲ್ಲ, ನಮ್ಮ ಮನೆಯಲ್ಲೂ ಇಟ್ಟವರಿಲ್ಲ. ಹಾಗಿದ್ದೂ ತೆಲುಗು ಸೀಮೆಯ ಗಡಿಯ ತಾಂಡೂರಿನ ಹಮಾಲರು, ಲಾರಿ ಡ್ರೈವರುಗಳು, ಕಲ್ಲು ಪಾಲಿಶ್ ಮಾಡುವ ಮೇಸ್ತ್ರಿಗಳು ಆಯ್ತವಾರ ಮಧ್ಯಾಹ್ನ ಕೊಚ್ಚಿದ ಮಾಂಸದ ಖೀಮಾ ತಿನ್ನಬೇಕೆನಿಸಿದರೆ ಸ್ಟೇಶನ್ ರಸ್ತೆಯ ಹೋಟೆಲುಗಳನ್ನು ದಾಟಿ ನಮ್ಮ ಖಾನಾವಳಿಗೆ ಬರುತ್ತಿದ್ದ ಕಾಲವೊಂದಿತ್ತು. ಆ ಖೀಮಾ ತೊಗರಿಬೇಳೆ, ಕಡಲೆಬೇಳೆಯದು. ಬೇಳೆಗೆ ನಮ್ಮ ಕಡೆ ಬ್ಯಾಳಿ ಎನ್ನುತ್ತಾರೆ. ಹಾಗಾಗಿ ಅದು ಬ್ಯಾಳಿ ಖೀಮಾ. ಈ ಮಾತನ್ನು ನಾನು ಎಲ್ಲಿ ಹೇಳಿದರೂ ಸ್ವಲ್ಪ ಎದೆಯುಬ್ಬಿಸಿಯೇ ಹೇಳುತ್ತೇನೆ. ಯಾಕೆಂದರೆ ಅದಕ್ಕಾಗಿ ನಮ್ಮ ಮನೆ ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮನೆ ಎಂದರೆ ಮೂರು ಕೋಣೆ, ಮುಂದೊಂದು ಪಡಸಾಲೆ. ಗೋಡೆ, ನೆಲ, ಮೇಲಿನ ಚಾವಣಿ ಎಲ್ಲವೂ ನಮ್ಮೂರಿನ ಗಣಿಯ ಫರಸಿ ಕಲ್ಲಿನದೇ. ಬೇಸಿಗೆಯಲ್ಲಿ ಚಾವಣಿಯ ಮೇಲೆ ಬರಿಗಾಲು ಇಟ್ಟರೆ ಬೊಬ್ಬೆ ಏಳುತ್ತಿತ್ತು. ಅಪ್ಪ ಮೊದಲು ಗಣಿಯಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದ. ಒಂದು ದಿನ ಫರಸಿ ಜಾರಿ ಕಾಲಿನ ಮೇಲೆ ಬಿತ್ತು. ಆಮೇಲೆ ಅವನಿಗೆ ಹೆಚ್ಚು ಹೊತ್ತು ನಿಲ್ಲಲು ಆಗಲಿಲ್ಲ. ಅವನ ಜೊತೆ ಕೆಲಸ ಮಾಡುತ್ತಿದ್ದವರೇ ಅವ್ವನಿಗೆ, ‘ಅಕ್ಕಾ, ನಮಗ ರೊಟ್ಟಿ ಬಡಿದು ಹಾಕು’ ಎಂದು ಹೇಳಿ ಪಡಸಾಲೆಯಲ್ಲಿ ಸಾಲಾಗಿ ಕೂತರು. ಹಾಗೆ ಖಾನಾವಳಿ ಶುರುವಾಯಿತು. ಅಪ್ಪ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಬಂದವರನ್ನು ಮಾತಾಡಿಸುವುದು, ಅವ್ವ ಒಳಗೆ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುವುದು. ಅಪ್ಪನ ತಾಯಿ, ನಮ್ಮ ಆಯಿ, ಇದರ ಯಾವ ಗೊಡವೆಗೂ ಬರುತ್ತಿರಲಿಲ್ಲ. ಅವಳದು ಹಿಂದಿನ ಕೋಣೆ. ಅಲ್ಲಿ ಅವಳ ಲಿಂಗಪೂಜೆ, ಅವಳದೇ ಒಂದು ಚಿಕ್ಕ ಒಲೆ, ಅವಳದೇ ಕಂಚಿನ ತಾಟು. ಹತ್ತು ಜಾತಿಯವರು ಕೂತು ಉಣ್ಣುವ ಗಡಿಗೆಯ ಅನ್ನ ತನಗೆ ಬೇಡ ಎಂದು ತನ್ನದನ್ನು ತಾನೇ ಬೇಯಿಸಿಕೊಳ್ಳುತ್ತಿದ್ದಳು.

ಆರು ದಿನ ಪಡಸಾಲೆ ತುಂಬಿರುತ್ತಿತ್ತು. ಆಯ್ತವಾರ ಮಾತ್ರ ಇಬ್ಬರೋ ಮೂವರೋ. ಅವ್ವ ಬೆಳಿಗ್ಗೆ ಎದ್ದು ಅದೇ ಶ್ರದ್ಧೆಯಿಂದ ಪುಂಡಿಪಲ್ಯ, ಬ್ಯಾಳಿ ಮಾಡಿ, ಮಧ್ಯಾಹ್ನ ಖಾಲಿ ತಾಟುಗಳನ್ನು ನೋಡಿಕೊಂಡು ಕೂಡುವಳು. ಒಂದು ಸೋಮವಾರ ಹಮಾಲಿ ಎಲ್ಲಯ್ಯ ಊಟಕ್ಕೆ ಬಂದಾಗ ಅವ್ವ ಕೇಳಿಯೇಬಿಟ್ಟಳು.

“ನಿನ್ನೆ ಯಾಕ ಬರಲಿಲ್ಲ ಎಲ್ಲಯ್ಯ? ನನ್ನ ಅಡಗಿ ಬ್ಯಾಸರಾತೇನು?”

“ಅಯ್ಯ, ಹಾಂಗನಬ್ಯಾಡಕ್ಕಾ. ಆರ್ ದಿನ ನಿನ್ನ ಕೈಲಿಂದೇ ಉಣ್ತೀವಿ. ಆಯ್ತವಾರ ಒಂದಿನ ನಾಲಿಗಿ ಖೀಮಾ ಬೇಡ್ತದ. ಅದು ನಿನ್ನ ಮನ್ಯಾಗ ಎಲ್ಲಿ ಸಿಗಬೇಕು?”

ಅವನು ಸಹಜವಾಗಿ ಹೇಳಿದ್ದ. ಅವ್ವನಿಗೆ ಮಾತ್ರ ಆ ಮಾತು ನಾಟಿತು. ತನ್ನ ಅಡಿಗೆಮನೆಯಲ್ಲಿ ಸಿಗದ್ದು ಒಂದಿದೆ ಎಂದು ಯಾರಾದರೂ ಹೇಳಿದರೆ ತಡೆದುಕೊಳ್ಳುವ ಹೆಣ್ಣಲ್ಲ ಅವಳು.

ನಮ್ಮ ಹಿತ್ತಲಿನ ಪಕ್ಕದ ಗೋಡೆಯ ಆಚೆ, ಅದೇ ಓಣಿಯಲ್ಲಿ, ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಜೈನಬಿಯ ಮನೆ. ಗಂಡ ದರ್ಜಿ. ಎದೆಯೆತ್ತರದ ಆ ಗೋಡೆಯ ಮೇಲೆ ಎಷ್ಟು ವರ್ಷಗಳಿಂದ ಕೊತ್ತಂಬರಿ, ಕರಿಬೇವು, ಕೆಂಡ, ಮಕ್ಕಳ ಕಾಯಿಲೆಯ ಸುದ್ದಿ ಎಲ್ಲ ದಾಟಿದ್ದವೋ ಲೆಕ್ಕವಿಲ್ಲ. ಆ ಸಂಜೆ ಅವ್ವ ಗೋಡೆಗೆ ಮೊಳಕೈ ಊರಿ ನಿಂತು ಕೇಳಿದಳು.

“ಖಾಲಾ, ನೀವು ಖೀಮಾ ಹ್ಯಾಂಗ ಮಾಡ್ತೀರಿ, ಮಸಾಲಿ ಏನೇನು, ಒಂದೊಂದೇ ಹೇಳ್ರಿ.”

ಖಾಲಾ ನಕ್ಕುಬಿಟ್ಟಳು. “ಯಾ ಅಲ್ಲಾ! ಈರಮ್ಮ, ನಿಂಗ್ಯಾಕ ಬೇಕವ್ವ ಅದು?”

“ಬ್ಯಾಳಿಲಿಂದ ಮಾಡ್ತೀನಿ.”

ಖಾಲಾ ನಗು ನಿಲ್ಲಿಸಿ ಅವ್ವನ ಮುಖವನ್ನೇ ನೋಡಿದಳು. ಆಮೇಲೆ ಗೋಡೆಯ ಆಚೆಯಿಂದ ಒಂದೊಂದೇ ಹೇಳುತ್ತಾ ಹೋದಳು. ಉಳ್ಳಾಗಡ್ಡಿ ಕಪ್ಪಾಗುವಷ್ಟು ಹುರಿಯಬೇಕು. ಒಣಕೊಬ್ಬರಿಯನ್ನು ಕೆಂಡದ ಮೇಲೆ ಸುಡಬೇಕು. ಗಸಗಸೆ, ಲವಂಗ, ಚಕ್ಕೆ, ಮೇಲೆ ಕಲ್ಲುಹೂವು. ಪುದೀನ ಕೊನೆಗೆ. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಒಂದು ಸಲ ಕೇಳಿದ್ದನ್ನು ಮಾತ್ರ ಎಂದೂ ಮರೆಯುತ್ತಿರಲಿಲ್ಲ.

ಮೊದಲ ಸಲದ್ದು ಹಿಟ್ಟಿನ ಹಾಗೆ ಮುದ್ದೆಯಾಯಿತು. ಎರಡನೆಯ ಸಲ ಬೇಳೆಯನ್ನು ತರಿತರಿಯಾಗಿ ರುಬ್ಬಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಹಬೆಯಲ್ಲಿ ಬೇಯಿಸಿ, ಪುಡಿ ಮಾಡಿ ಹುರಿದಳು. ಅದು ಬಾಯಲ್ಲಿ ಉಸುಕಿನಂತೆ ಆಡಿತು. ಪ್ರತಿ ಸಲವೂ ಒಂದು ಬಟ್ಟಲು ಗೋಡೆಯ ಮೇಲೆ ಹೋಗುವುದು, ಖಾಲಾ ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚುವುದು, ಅವ್ವ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಸೆರಗು ತಿರುವುತ್ತಾ ನಿಲ್ಲುವುದು. ತಾನು ಮಾಡಿದ್ದು ಸರಿಯಾಗಿದೆಯೋ ಇಲ್ಲವೋ ಅವಳಿಗೆ ಗೊತ್ತಾಗುವಂತಿರಲಿಲ್ಲ. ಆ ರುಚಿಯನ್ನು ಅವಳು ಕಂಡವಳೇ ಅಲ್ಲವಲ್ಲ.

“ಮಸಾಲಾ ಬರಾಬರ್ ಅದ,” ಎಂದಳು ಖಾಲಾ ನಾಲ್ಕನೆಯ ಸಲ. “ಅರಿಶಿಣ ಹಾಕಬ್ಯಾಡ, ಹಳದಿ ಆಗ್ತದ. ಮತ್ತ ಇನ್ನೊಂದು ಕೇಳು. ಗೋಷ್ತ್ ಎಣ್ಣಿ ಬಿಡ್ತದ. ನಿಂದು ಬ್ಯಾಳಿ ಎಣ್ಣಿ ಕುಡಿತದ. ಅದಕ್ಕ ಒಣ ಒಣ ಅನಸ್ತದ.”

ಅದಕ್ಕೆ ಅವ್ವ ಶೇಂಗಾ ಹುರಿದು ಎಣ್ಣೆ ಬಿಡುವ ತನಕ ಕುಟ್ಟಿ ಮಸಾಲೆಯಲ್ಲಿ ಸೇರಿಸಿದಳು. ಆಗ ಮೇಲೆ ಕೆಂಪು ಎಣ್ಣೆ ತೇಲಿತು. ಆದರೂ ಖಾಲಾ ತಲೆ ಅಲ್ಲಾಡಿಸಿದಳು.

“ಹಲ್ಲಿಗೆ ಕೆಲಸ ಇಲ್ಲ ಇದರಾಗ. ಖೀಮಾ ಅಂದ್ರ ಹಲ್ಲು ಥೋಡಾ ಜಗೀಬೇಕು.”

ಹಲ್ಲಿಗೆ ಕೆಲಸ ಕೊಡುವುದು ಹೇಗೆ ಎಂದು ಅವ್ವ ಹದಿನೈದು ದಿನ ಯೋಚಿಸಿದಳು. ದಾರಿ ಸಿಕ್ಕಿದ್ದು ಅಚಾನಕ್ಕಾಗಿ. ಹಬೆಯಲ್ಲಿ ಬೆಂದ ಬೇಳೆಯ ಪುಡಿ ಒಂದು ಬುಟ್ಟಿಯಷ್ಟು ಉಳಿದಿತ್ತು. ಹಳಸಿ ಹೋದೀತೆಂದು ಅದನ್ನು ಚಾವಣಿಯ ಫರಸಿಯ ಮೇಲೆ ಹರವಿ ಬಂದಿದ್ದಳು, ಸಂಡಿಗೆಯ ಹಾಗೆ ಒಣಗಲಿ ಎಂದು. ಎರಡು ದಿನದ ಬಿಸಿಲಿಗೆ ಅದು ಕಂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಸಣ್ಣ ಹರಳಿನ ಹಾಗಾಯಿತು. ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಮಸಾಲೆಯಲ್ಲಿ ಕುದಿಸಿದಳು. ಬಟ್ಟಲು ಗೋಡೆ ದಾಟಿತು. ಖಾಲಾ ಜಗಿದಳು, ಇನ್ನೊಮ್ಮೆ ತೆಗೆದುಕೊಂಡಳು, ಮತ್ತೊಮ್ಮೆ ತೆಗೆದುಕೊಂಡಳು. ಬಟ್ಟಲು ಖಾಲಿ ಮಾಡಿ, ಗೋಡೆಯ ಮೇಲಿಂದ ಕೈ ಚಾಚಿ ಅವ್ವನ ಗದ್ದ ಹಿಡಿದು ಅಲ್ಲಾಡಿಸಿದಳು. ಅವ್ವ ನಕ್ಕದ್ದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ, ಆ ದಿನದ ಹಾಗೆ ನಕ್ಕದ್ದನ್ನು ನೋಡಿಲ್ಲ.

ಆಯಿಗೆ ಇದೆಲ್ಲ ಸರಿಬರಲಿಲ್ಲ. ಹಿಂದಿನ ಕೋಣೆಗೆ ವಾಸನೆ ಹೋದಾಗಲೆಲ್ಲ ಕಿಟಕಿಗೆ ಬಟ್ಟೆ ತುರುಕುತ್ತಿದ್ದಳು. ಒಮ್ಮೆ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತೇಬಿಟ್ಟಳು.

“ನಾವು ಉಣ್ಣಲಾರದ್ದು ನಮ್ಮ ಮನ್ಯಾಗ ಯಾಕ ನಾರಬೇಕು? ಇಷ್ಟು ಆಸಿ ಇದ್ರ ನಮ್ಮ ಮನಿಗಿ ಯಾಕ ಬಂದಿ?”

“ನಾಲಿಗಿಗಿ ಆಸಿ ಇಲ್ಲರಿ ಅತ್ತಿ,” ಎಂದಳು ಅವ್ವ, ಸೌಟು ಕೆಳಗಿಡದೆ. “ಕೈಗಿ ಆಸಿ ಅದ. ಮಂದಿ ಉಣ್ಣೂದು ನನ್ನ ಕೈಗಿ ಯಾಕ ಬರಬಾರದು?”

ಆಯಿ ತನ್ನ ಕೋಣೆಗೆ ತಿರುಗಿ ಹೋಗಿ ಬಾಗಿಲು ಹಾಕಿಕೊಂಡಳು.

ಮೊದಲ ಆಯ್ತವಾರ ಎಲ್ಲಯ್ಯನನ್ನು ಅಪ್ಪ ದಾರಿಯಲ್ಲೇ ಹಿಡಿದು ಕರೆತಂದ. ಎಲ್ಲಯ್ಯ ಒಂದು ತುತ್ತು ಇಟ್ಟುಕೊಂಡು ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟ. ಗಾಬರಿಯಿಂದ ಅತ್ತಿತ್ತ ನೋಡಿ, ಮೆಲ್ಲಗೆ, ‘ಅಕ್ಕಾ, ಇದು ಏನು?’ ಎಂದ. ಬೇಳೆ ಎಂದರೆ ಅವನು ನಂಬಲೇ ಇಲ್ಲ. ಅವ್ವ ಒಣಗಿದ ಪುಡಿಯ ಡಬ್ಬಿಯನ್ನು ತಂದು ಅವನ ಮುಂದೆ ಸುರಿದಳು. ಮುಂದಿನ ಆಯ್ತವಾರ ಅವನು ಆರು ಜನರನ್ನು ಕರೆತಂದ. ಅದರ ಮುಂದಿನ ವಾರ ಪಡಸಾಲೆ ಸಾಲದೆ ಜನ ಕಟ್ಟೆಯ ಮೇಲೆ ಕೂತರು. ಎಲುಬು ಒಂದಿಲ್ಲ, ಉಳಿದದ್ದೆಲ್ಲ ಇದೆ ಎಂದು ಒಬ್ಬ ಡ್ರೈವರ್ ಓಣಿಯೆಲ್ಲ ಕೇಳುವ ಹಾಗೆ ಹೇಳಿದ. ಅವ್ವನಿಗೆ ಅದು ಬಹುಮಾನದ ಹಾಗೆ ಕೇಳಿಸಿತು. ಓಣಿಗೆ ಬೇರೆ ರೀತಿ ಕೇಳಿಸಿತ್ತೆಂದು ನಮಗೆ ತಿಳಿಯಲು ಮತ್ತೆರಡು ವಾರ ಬೇಕಾಯಿತು.

ಸೋಮವಾರ ಬೆಳಿಗ್ಗೆ ಮಠದ ಐನೋರು ನಮ್ಮ ಮನೆಗೆ ಬರುವುದು ರೂಢಿ. ಆಯಿ ಅವರ ಪಾದ ತೊಳೆದು, ಪಾದೋದಕ ತೆಗೆದುಕೊಂಡು, ಆಮೇಲೆ ಬಾಯಿಗೆ ಅನ್ನ ಇಡುವಳು. ಆ ಸೋಮವಾರ ಆಯಿ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಐನೋರು ತಲೆ ಬಗ್ಗಿಸಿಕೊಂಡು ನಮ್ಮ ಮನೆಯ ಮುಂದೆಯೇ ಹಾದು ಮುಂದಿನ ಮನೆಗೆ ಹೋದರು. ಆಯಿ ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ತಂಬಿಗೆಯ ನೀರನ್ನು ತುಳಸಿಗೆ ಹಾಕಿ ಒಳಗೆ ಹೋಗಿ ಮಲಗಿದಳು. ಆ ದಿನ ಏನನ್ನೂ ಉಣ್ಣಲಿಲ್ಲ.

ಸಂಜೆ ಶಿವಲಿಂಗಪ್ಪ ಸಾವಕಾರರು ಬಂದರು. ನಮ್ಮ ಸಮಾಜದ ಹಿರಿಯರು, ಕಾಳುಕಡಿಯ ಅಡತಿ ಅಂಗಡಿಯವರು. ನಾವು ಬೇಳೆ ತರುತ್ತಿದ್ದುದೂ ಅವರಲ್ಲಿಂದಲೇ. ಅಪ್ಪ ಸ್ಟೂಲು ಬಿಟ್ಟು ಎದ್ದು ಒಳಗೆ ಕರೆದ. ಅವರು ಬರಲಿಲ್ಲ. ಕಟ್ಟೆಯ ಕೆಳಗೇ ನಿಂತು ಅವ್ವನನ್ನು ಕರೆದರು.

“ಈರಮ್ಮ, ನಾ ಕಣ್ಣಿಲೆ ಕಂಡಿಲ್ಲ. ಮಂದಿ ಹೇಳ್ಲತ್ತಾರ, ನಿಮ್ಮ ಮನ್ಯಾಗ ಗೋಷ್ತ ಬೇಯಿಸ್ತಾರ ಅಂತ.”

“ಬ್ಯಾಳಿ ಅದರಿ. ನಿಮ್ಮ ಅಂಗಡಿದೇ ಬ್ಯಾಳಿ.”

“ಬ್ಯಾಳಿ ಹಾಂಗ ನಾರ್ತದೇನು? ಇರಲಿ. ಶ್ರಾವಣದಾಗ ಮಠದ ದಾಸೋಹಕ್ಕ ರೊಟ್ಟಿ ಬಡ್ಯಾಕ ಈ ಸಲ ನೀ ಬರೂದು ಬ್ಯಾಡ.”

ಮದುವೆಯಾಗಿ ಬಂದ ವರ್ಷದಿಂದ ಆ ದಾಸೋಹದ ಮೊದಲ ರೊಟ್ಟಿಯನ್ನು ಬಡಿಯುತ್ತಿದ್ದವಳು ಅವ್ವ. ಅವಳ ರೊಟ್ಟಿಯ ಸದ್ದು ಕೇಳಿಯೇ ಉಳಿದ ಹೆಂಗಸರು ಹಿಟ್ಟಿಗೆ ಕೈ ಹಾಕುತ್ತಿದ್ದರು. ಸಾವಕಾರರು ಹೋದ ಮೇಲೆ ಅಪ್ಪ ಅವ್ವನ ಮುಂದೆ ಕೂತು ಬೇಡಿಕೊಂಡ.

“ಬಿಟ್ಟಬಿಡು ಈರಮ್ಮ. ಆಯ್ತವಾರ ಬಾಗಲಾ ಹಾಕಿ ಕೂಡೂಣು. ನಮಗ್ಯಾಕ ಈ ಉಸಾಬರಿ?”

“ಈಗ ಬಿಟ್ರ ಅವ್ರು ಅಂದದ್ದು ಖರೇ ಆಗ್ತದ,” ಎಂದಳು ಅವ್ವ.

ಆಗ ಹಿಂದಿನ ಕೋಣೆಯಿಂದ ಆಯಿಯ ಮಾತು ಕೇಳಿಸಿತು. ಮಲಗಿದಲ್ಲಿಂದಲೇ ಕೇಳಿದಳು.

“ಈ ವಾರದ ಬ್ಯಾಳಿ ಎಲ್ಲಿ ನೆನಿ ಇಡ್ತಿ?”

“ಒಳಗರಿ, ಅತ್ತಿ. ಯಾವಾಗೂ ಇಡ್ತೀನಲ್ಲ, ಅಲ್ಲೇ.”

“ಹೊರಗ ಇಡು.”

ಗುರುವಾರ ಅಪ್ಪ ಕುಂಟುತ್ತಾ ಹೋಗಿ ಸಾವಕಾರರ ಅಂಗಡಿಯಿಂದಲೇ ಬೇಳೆ ತಂದ. ಅವ್ವ ಅದನ್ನು ಓಣಿಯ ಎಲ್ಲರಿಗೂ ಕಾಣುವ ಹಾಗೆ ಕಟ್ಟೆಯ ಮೇಲೆ ದೊಡ್ಡ ಪಾತೇಲಿಯಲ್ಲಿ ನೆನೆ ಹಾಕಿದಳು. ಒರಳು ಒಳಗೆ ಹೂತದ್ದು, ಹೊರಗೆ ತರಲು ಬರುವಂತಿರಲಿಲ್ಲ. ಖಾಲಾ ತನ್ನ ಮನೆಯ ಅರೆಯುವ ಕಲ್ಲನ್ನು ಗಂಡನ ಕೈಯಲ್ಲಿ ಹೊರಿಸಿ ಕಳಿಸಿದಳು. ಶುಕ್ರವಾರ ನಸುಕಿನಲ್ಲಿ ಅವ್ವ ಬಾಗಿಲ ಮುಂದೆ ಕೂತು ತರಿಯಾಗಿ ಅರೆದಳು, ಅಲ್ಲೇ ಮೂರು ಕಲ್ಲು ಹೂಡಿ ಹಬೆಯಲ್ಲಿ ಬೇಯಿಸಿದಳು, ಕಟ್ಟೆಯ ಮುಂದಿನ ಫರಸಿಯನ್ನು ತೊಳೆದು ಪುಡಿಯನ್ನು ಬಿಸಿಲಿಗೆ ಹರವಿದಳು. ಆಡು, ಕಾಗೆಗಳಿಂದ ಅದನ್ನು ಕಾಯುವವರು ಯಾರು ಎನ್ನುವಷ್ಟರಲ್ಲಿ ಆಯಿ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ಕೋಲು ಹಿಡಿದು ಹೊರಗೆ ಬಂದು ಅಪ್ಪನ ಸ್ಟೂಲಿನ ಮೇಲೆ ಕೂತಳು. ಎರಡು ದಿನ ಅಲ್ಲಿಂದ ಕದಲಲಿಲ್ಲ. ಸಾಮಾನ್ಯವಾಗಿ ಮನೆಯ ಹೊರಗೆ ಕಾಣಿಸದ ಮುದುಕಿ ಬೀದಿಯಲ್ಲಿ ಕೂತದ್ದನ್ನು ನೋಡಿ ಹೋಗಿ ಬರುವವರೆಲ್ಲ ನಿಲ್ಲತೊಡಗಿದರು.

“ಆಯಿ, ಏನ್ ಒಣಗಿಸ್ಲತ್ತೀರಿ?”

“ಗೋಷ್ತ,” ಎನ್ನುವಳು ಆಯಿ, ಮುಖದ ಒಂದು ಗೆರೆಯೂ ಅಲುಗದೆ. “ಶಿವಲಿಂಗಪ್ಪನ ಅಂಗಡಿಲಿಂದ ತಂದೀವಿ. ಬಾ, ಮುಟ್ಟಿ ನೋಡು.”

ಶನಿವಾರ ಸಂಜೆಯ ಹೊತ್ತಿಗೆ ಅರ್ಧ ಓಣಿ ಮುಟ್ಟಿ ನೋಡಿತ್ತು.

ಆಯ್ತವಾರ ಅವ್ವ ಒಲೆಯನ್ನು ಬೀದಿಯಲ್ಲೇ ಹಚ್ಚಿದಳು. ಉಳ್ಳಾಗಡ್ಡಿ ಕಪ್ಪಾಯಿತು, ಕೊಬ್ಬರಿ ಸುಟ್ಟಿತು, ಮಸಾಲೆಯ ವಾಸನೆ ಎದ್ದಿತು. ಉಣ್ಣಲು ಬಂದವರು, ನೋಡಲು ಬಂದವರು ಎಲ್ಲ ಸುತ್ತ ನಿಂತರು. ಸಾವಕಾರರೂ ಬಂದರು, ಅವರ ಹಿಂದೆ, ಸ್ವಲ್ಪ ದೂರದಲ್ಲಿ, ಐನೋರು. ಸಾವಕಾರರು ಒಣಗಿದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಮೂಸಿದರು, ಬೆರಳಲ್ಲಿ ಉಜ್ಜಿದರು, ಒಂದು ಕಾಳನ್ನು ಹಲ್ಲಿಗೆ ಹಾಕಿ ಕಡಿದರು.

“ಬ್ಯಾಳಿನೇ ಅದ,” ಎಂದರು. ಜನ ಉಸಿರು ಬಿಟ್ಟರು. ಸಾವಕಾರರು ಅಲ್ಲಿಗೆ ಬಿಡಲಿಲ್ಲ. “ಒಂದ್ ಮಾತು ಕೇಳ್ತೀನಿ ಈರಮ್ಮ. ನೀ ಎಂದೂ ಅದನ್ನ ಬಾಯಿಗಿ ಹಾಕಿಲ್ಲ ಅಂತಿ. ಮತ್ತ ಅದರ ರುಚಿ ನಿನಗ ಹ್ಯಾಂಗ ಗೊತ್ತಾತು?”

ಅಪ್ಪ ಅವ್ವನ ಕಡೆ ನೋಡಿದ. ಹೇಳಬೇಡ ಎಂಬುದು ಅವನ ಕಣ್ಣಲ್ಲೇ ಇತ್ತು. ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಖಾಲಾ ಪರದೆಯ ಹಿಂದೆ ಸರಿದಳು. ಇನ್ನೊಬ್ಬರ ಮನೆಯ ಮಾನದ ಪ್ರಶ್ನೆಯಲ್ಲಿ ತನ್ನ ಹೆಸರು ಬರುವುದು ಬೇಡವೆಂದು ಅವಳಿಗೂ ಅನ್ನಿಸಿರಬೇಕು. ಯಾವುದೋ ಲಾರಿಯವನು ಹೇಳಿಕೊಟ್ಟ ಎಂದಿದ್ದರೆ ಮಾತು ಮುಗಿಯುತ್ತಿತ್ತು. ಅವ್ವ ಸೌಟನ್ನು ಗಡಿಗೆಯ ಮೇಲೆ ಅಡ್ಡ ಇಟ್ಟು ಎದ್ದು ನಿಂತಳು.

“ನನಗ ಇವತ್ತಿಗೂ ಗೊತ್ತಿಲ್ಲರಿ ಸಾವಕಾರ್ರೆ. ನಮ್ಮ ಜೈನಬಿ ಖಾಲಾಗ ಗೊತ್ತದ. ನಾಲಿಗಿ ಅಕಿದು, ಕೈ ನಂದು. ನಾ ಮಾಡೀನಿ, ಅಕಿ ತಪ್ಪು ತೆಗೆದಾಳ. ಅಕಿ ಬರಾಬರ್ ಅನ್ನೂ ತನ ಯಾರಿಗೂ ನೀಡಿಲ್ಲ ನಾ.”

ಸಾವಕಾರರ ಮುಖ ಬಿಗಿಯಿತು. ಐನೋರು ನೆಲ ನೋಡುತ್ತಿದ್ದರು. ಅಷ್ಟರಲ್ಲಿ ಆಯಿ ಸ್ಟೂಲಿನಿಂದ ಎದ್ದು ಒಳಗೆ ಹೋದಳು. ಅವಳಿಗೂ ಸಿಟ್ಟು ಬಂತು, ಎಲ್ಲ ಕೆಟ್ಟಿತು ಎಂದುಕೊಂಡೆ ನಾನು. ಅವಳು ಕಂಚಿನ ತಾಟು ಹಿಡಿದು ತಿರುಗಿ ಬಂದಳು. ಒಲೆಯ ಪಕ್ಕದಲ್ಲಿ, ಬರೀ ಫರಸಿಯ ಮೇಲೆ, ಹಮಾಲರ ಸಾಲಿನ ತುದಿಗೆ ಚಕ್ಕಂಬಕ್ಕಳ ಹಾಕಿ ಕೂತಳು.

“ಈರಮ್ಮ, ನೀಡು.”

ಅವ್ವ ತಾಟಿಗೆ ರೊಟ್ಟಿ ಇಟ್ಟು ಸೌಟು ತುಂಬ ಖೀಮಾ ನೀಡಿದಳು. ಆಯಿ ರೊಟ್ಟಿ ಮುರಿದು, ಖೀಮಾ ಹಚ್ಚಿಕೊಂಡು, ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟಳು. ನಮ್ಮ ಖಾನಾವಳಿಯ ಗಡಿಗೆಯಿಂದ ಅವಳು ಉಂಡ ಮೊದಲ ತುತ್ತು ಅದು. ಉಳಿದಿದ್ದ ಹಲ್ಲುಗಳಲ್ಲಿ ಸಾವಕಾಶ ಜಗಿದಳು. ಇಡೀ ಓಣಿ ಅವಳ ದವಡೆಯನ್ನೇ ನೋಡುತ್ತಿತ್ತು. ನುಂಗಿದ ಮೇಲೆ ಬಾಯಿಂದ ಏನನ್ನೋ ತೆಗೆದು ಬೆರಳ ತುದಿಯಲ್ಲಿ ಹಿಡಿದಳು.

“ಶಿವಲಿಂಗಪ್ಪ, ನಿನ್ನ ಬ್ಯಾಳ್ಯಾಗ ಹರಳು ಅವ ನೋಡು.”

ಮೊದಲು ನಕ್ಕವನು ಎಲ್ಲಯ್ಯ. ಆಮೇಲೆ ಎಲ್ಲರೂ ನಕ್ಕರು. ಕೊನೆಗೆ ಸಾವಕಾರರೂ ಮೀಸೆಯ ಕೆಳಗೆ ನಕ್ಕು ಹೊರಟುಹೋದರು. ಮರುದಿನ ಬೆಳಿಗ್ಗೆ ಐನೋರು ನಮ್ಮ ಬಾಗಿಲಿಗೆ ಬಂದು ನಿಂತರು. ಆಯಿ ತಂಬಿಗೆ ಹಿಡಿದು ಹೊರಬಂದು, ಬಹಳ ಮರ್ಯಾದೆಯಿಂದ, ‘ಹೋದ ವಾರ ಹಾದಿ ತಪ್ಪಿತ್ತೇನ್ರಿ ಐನೋರೆ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಾದಕ್ಕೆ ನೀರು ಹಾಕಿದಳು. ಎಲ್ಲರೂ ಹಾಗೆ ತಿರುಗಿ ಬಂದರೆಂದು ಹೇಳಲಾರೆ. ನಮ್ಮ ಸಮಾಜದ ಎರಡು ಮನೆಯವರು ಆಮೇಲೆಂದೂ ನಮ್ಮಲ್ಲಿ ನೀರು ಕುಡಿಯಲಿಲ್ಲ. ಆದರೆ ಶ್ರಾವಣದಲ್ಲಿ ದಾಸೋಹಕ್ಕೆ ಬಾ ಎಂದು ಸಾವಕಾರರೇ ಹೇಳಿ ಕಳಿಸಿದರು. ಜೊತೆಗೆ ಒಂದು ಮಾತು ಸೇರಿಸಿದ್ದರು: ಅಡಿಗೆ ಬೇಕಾದರೆ ಮಾಡಿಕೊಳ್ಳಲಿ, ಖೀಮಾ ಎಂಬ ಹೆಸರನ್ನು ಬಿಡಲಿ.

ಅವ್ವ ದಾಸೋಹಕ್ಕೆ ಹೋದಳು, ಮೊದಲ ರೊಟ್ಟಿಯನ್ನೂ ಬಡಿದಳು. ಹೆಸರನ್ನು ಮಾತ್ರ ಬಿಡಲಿಲ್ಲ. ಬ್ಯಾಳಿ ಎಂದು ಮೊದಲೇ ಹೇಳಿರುವಾಗ ಯಾರಿಗೂ ಮೋಸವಿಲ್ಲ ಎಂದಳು. ಅಲ್ಲಿಯ ತನಕ ನಮ್ಮ ಖಾನಾವಳಿಗೆ ಫಲಕವೇ ಇರಲಿಲ್ಲ. ಈಗ ಬೇಕು ಎಂದಳು. ಅಪ್ಪ ಒಂದು ತಗಡು ತಂದ. ಮೇಲೆ ದೇವರ ಹೆಸರು ಬರೆಸೋಣ ಎಂಬುದು ಅವನ ಆಸೆ. ಆಯಿ ಒಪ್ಪಲಿಲ್ಲ.

“ದೇವ್ರು ಬ್ಯಾಳಿ ಅರೆದಾನೇನು? ಮಾಡಾಕಿ ಹೆಸರು ಬರೀರಿ.”

ಬಣ್ಣದವನಿಗೆ ತೆಲುಗು, ಉರ್ದು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ನಾನು ಓದುತ್ತಿದ್ದುದೂ ತೆಲುಗು ಶಾಲೆಯಲ್ಲಿ. ಕನ್ನಡದ ಅಕ್ಷರಗಳನ್ನು ಆಯಿ ಮನೆಯಲ್ಲೇ ವಿಭೂತಿಯ ತಟ್ಟೆಯಲ್ಲಿ ಬೆರಳಿಂದ ತಿದ್ದಿಸಿದ್ದಳು. ಹೀಗಾಗಿ ಅವನು ಕೆಳಗಿನ ಎರಡು ಸಾಲು ಬರೆದು ಮುಗಿಸಿ, ಬ್ರಶ್ಶನ್ನು ನನ್ನ ಕೈಗೆ ಕೊಟ್ಟ. ಮೇಲಿನ ಸಾಲು ನನ್ನದು. ಕೆಂಪು ಬಣ್ಣದಲ್ಲಿ, ಉಸಿರು ಬಿಗಿಹಿಡಿದು ಬರೆದೆ: ಈರಮ್ಮನ ಬ್ಯಾಳಿ ಖೀಮಾ. ‘ಮ್ಮ’ದ ಒತ್ತಕ್ಷರದಿಂದ ಬಣ್ಣ ಇಳಿದು ತೆಲುಗು ಸಾಲಿನ ಮೇಲೆ ಬಂತು. ಬಣ್ಣದವನು ಒರೆಸಲು ಬಂದಾಗ ಅವ್ವ ಬೇಡವೆಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತಗಡಿನ ಹತ್ತಿರ ಬಂದು ಬಗ್ಗಿದಳು.

“ಮಾದೇವಿ, ಇದರಾಗ ನನ್ನ ಹೆಸರು ಯಾವುದು?”

ನಾನು ತೋರಿಸಿದೆ. ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು ಎಂದು ಎರಡು ಸಲ ಕೇಳಿ ತಿಳಿದುಕೊಂಡಳು. ಬಣ್ಣ ಹಸಿಯಾಗಿತ್ತು, ಮುಟ್ಟದೆ, ಗಾಳಿಯಲ್ಲೇ ಬೆರಳಾಡಿಸಿ ಆ ಮೂರು ಅಕ್ಷರಗಳನ್ನು ಒಂದೊಂದಾಗಿ ತಿದ್ದಿದಳು. ಆಮೇಲೆ ಹಿತ್ತಲಿಗೆ ಓಡಿ, ಗೋಡೆಗೆ ಮೊಳಕೈ ಊರಿ, ‘ಖಾಲಾ, ಬರ್ರಿ, ಲಗೂನ ಬರ್ರಿ, ನೋಡ್ರಿ’ ಎಂದು ಕೂಗಿದಳು.